ಕೆನ್ನೆಯೊಳಗೆ ಬೆಳೆದ ಎದೆಗೂದಲು

ಹಲ್ಲುಜ್ಜುವಾಗ ಬಾಯಲ್ಲಿ ಕೂದಲು ಸಿಕ್ಕಿತು. ಉಗುಳಿದೆ, ಹೋಗಲಿಲ್ಲ. ಬೆರಳು ಹಾಕಿ ಎಳೆದೆ... ಕೆನ್ನೆಯೂ ಜೊತೆಗೇ ಬಂತು.

ಊಟದಲ್ಲಿ ಬಂದ ಕೂದಲಾಗಿದ್ದರೆ ಹೆಂಡತಿ ಸುಮಾಳನ್ನು ವಾರವಿಡೀ ರೇಗಿಸುತ್ತಿದ್ದೆ. ಅವತ್ತು ಬಾತ್‌ರೂಮಿನ ಚಿಲಕ ಹಾಕಿಕೊಂಡು, ಮೊಬೈಲ್ ಟಾರ್ಚ್ ಹಿಡಿದು, ಕನ್ನಡಿಯ ಮುಂದೆ ಬಾಯಿ ತೆರೆದೆ.

ಎಡಗೆನ್ನೆಯ ಒಳಗೆ ಐದಾರು ಕೂದಲು. ಕಪ್ಪಗೆ, ಸುರುಳಿಯಾಗಿ, ಎಂಜಲಲ್ಲಿ ನೆನೆದು ಅಂಟಿಕೊಂಡಿದ್ದವು.

ಅದು ವಾಪಸ್ ಬಂತು ಅಂದುಕೊಂಡೆ.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ನಾನು ದಾವಣಗೆರೆಯವನು, ಬ್ಯಾಂಕ್ ಆಫೀಸರ್. ವಿಶಾಖಪಟ್ಟಣದಲ್ಲಿ, ಅಂದರೆ ವೈಜಾಗಿನಲ್ಲಿ, ಪೋಸ್ಟಿಂಗ್ ಇದ್ದಾಗ ಒಡೆದ ದವಡೆ ಹಲ್ಲೊಂದು ಕೆನ್ನೆಗೆ ಉಜ್ಜಿ ಉಜ್ಜಿ ಹುಣ್ಣಾಯಿತು. ಹುಣ್ಣು ವಾಸಿಯಾಗಲಿಲ್ಲ. ಟೆಸ್ಟ್ ಮಾಡಿಸಿದರೆ ಕ್ಯಾನ್ಸರ್.

ಜನ್ಮದಲ್ಲಿ ಗುಟ್ಕಾ ಮುಟ್ಟಿದವನಲ್ಲ ಎಂದರೆ ಇವತ್ತಿಗೂ ಯಾರೂ ನಂಬುವುದಿಲ್ಲ. ನಂಬದಿದ್ದರೆ ಬಿಡಿ.

ಅಲ್ಲಿಯೇ ಆಪರೇಷನ್ ಆಯಿತು. ಕೆನ್ನೆಯ ಒಳಭಾಗ ಕತ್ತರಿಸಿ ತೆಗೆದು, ಆ ಜಾಗಕ್ಕೆ ನನ್ನ ಎದೆಯ ಚರ್ಮ ತಂದು ಹೊಲಿದರು. ಆಮೇಲೆ ವಿಜಯವಾಡಕ್ಕೆ ಟ್ರಾನ್ಸ್‌ಫರ್. ಈಗ ಮನೆ ಅಲ್ಲಿನ ಪಟಮಟ ಬಡಾವಣೆಯಲ್ಲಿ.

ಕೂದಲಿನ ವಿಷಯ ಸುಮಾಗೆ ಹೇಳದೆ ವೈಜಾಗ್ ರೈಲು ಹತ್ತಿದೆ. ಆಪರೇಷನ್ ಮಾಡಿದ ಡಾಕ್ಟರು ಬಾಯಿ ನೋಡಿ ನಕ್ಕುಬಿಟ್ಟರು. ಚರ್ಮದ ಡಾಕ್ಟರ ಹತ್ತಿರ ಕಳಿಸಿದರು. ಆಕೆ ರಾಯಚೂರಿನ ಹುಡುಗಿ, ಹೆಸರು ಶ್ವೇತಾ. ಕನ್ನಡ ಕೇಳಿದ್ದೇ ಅರ್ಧ ಜೀವ ಬಂತು.

"ಕ್ಯಾನ್ಸರ್ ಅಲ್ಲ ಸರ್, ನಿಮ್ಮ ಎದಿ ಕೂದಲಾ ಅದು," ಅಂದರು. "ಚರ್ಮಕ್ಕ ತಾನು ಎಲ್ಲಿ ಬಂದೀನಿ ಅಂತ ಗೊತ್ತಿರಂಗಿಲ್ಲ. ತಾನು ಯಾರು ಅಂತಷ್ಟ ಗೊತ್ತಿರ್ತದ. ನಿಮಗ ರೇಡಿಯೇಶನ್ ಬೇಕಾಗಿರಲಿಲ್ಲ, ಕೊಟ್ಟಿದ್ರ ಬೇರು ಸಾಯ್ತಿದ್ವು. ಅದಕ್ಕ ಅವು ಜೀವ ಹಿಡಕೊಂಡು ಕುಂತಾವ."

ಸಮಾಧಾನವೇನೋ ಆಯಿತು. ಆದರೆ ಮನೆಗೆ ಬಂದು ಅನ್ನ ಕಲಸಿ ಬಾಯಿಗಿಟ್ಟರೆ ಒಂದೊಂದು ಅಗುಳೂ ಆ ಕೂದಲಿಗೆ ಸಿಕ್ಕಿಕೊಳ್ಳುತ್ತಿತ್ತು. ನನ್ನ ಬಾಯಿಯೇ ನನಗೆ ಹೇಸಿಗೆ ಆಯಿತು. ಸುಮಾಗೆ ಹೇಳಿದಾಗ ಅವಳು ತಟ್ಟೆ ಪಕ್ಕಕ್ಕೆ ಸರಿಸಿ, "ಕಿತ್ತು ಹಾಕಿದ್ರೆ ಆಗಲ್ವೇನ್ರೀ?" ಎಂದು ಕೇಳಿದಳು.

ಕಿತ್ತರೆ ಮತ್ತೆ ಬರುತ್ತದೆ. ಶ್ವೇತಾ ಹಾಳೆಯ ಮೇಲೆ ಚಿತ್ರ ಬರೆದು ತೋರಿಸಿದ್ದರು. ಕೂದಲಿನ ಬುಡಕ್ಕೆ ರಕ್ತ ತಲುಪಿಸುವ ಒಂದು ಸಣ್ಣ ಗಂಟು ಇರುತ್ತದಂತೆ. ಅದರ ಮೇಲೆ, ಅರ್ಧ ದಾರಿಯಲ್ಲಿ, ಹೊಸ ಕೂದಲು ಹುಟ್ಟಿಸುವ ಜೀವಕೋಶಗಳು ಕೂತಿರುತ್ತವೆ. ಎರಡನ್ನೂ ಸುಟ್ಟರೆ ಮಾತ್ರ ಅದು ಸತ್ತಂತೆ ಲೆಕ್ಕ.

ಅದಕ್ಕೆ ಲೇಸರ್. ಬೆಳಕು ಕೂದಲಿನ ಕಪ್ಪು ಬಣ್ಣ ಹಿಡಿದು ಬುಡಕ್ಕೆ ಇಳಿಯುತ್ತದೆ, ಅಲ್ಲಿ ಸುಡುತ್ತದೆ. ಬಿಳಿ ಕೂದಲು ಅದಕ್ಕೆ ಕಾಣುವುದಿಲ್ಲ, ಅಂಥದ್ದಕ್ಕೆ ಒಂದೊಂದಕ್ಕೂ ಸೂಜಿ ಇಳಿಸಿ ಕರೆಂಟ್ ಕೊಡಬೇಕು.

ಮೊದಲ ಸಿಟ್ಟಿಂಗ್. ಕಣ್ಣಿಗೆ ಪಟ್ಟಿ, ಬಾಯಿಗೆ ಕ್ಲಿಪ್. ಚಟ್ ಚಟ್ ಎಂದು ಸದ್ದು... ಕೂದಲು ಸುಟ್ಟ ವಾಸನೆ. ಆ ವಾಸನೆ ನನ್ನ ಗಂಟಲಿನ ಕಡೆಯಿಂದ ಮೂಗಿಗೆ ಏರಿತು. ಇವತ್ತಿಗೂ ಅಗರಬತ್ತಿ ಹಚ್ಚಿದರೆ ನನಗೆ ಅದೇ ನೆನಪಾಗುತ್ತದೆ.

ವಾಪಸ್ ಬರುವಾಗ ಎ.ಸಿ. ಬೋಗಿಯ ಚಳಿಗೆ ಮೈ ಜುಮ್ಮೆಂದಿತು. ಕೆನ್ನೆಯ ಒಳಗೂ ಜುಮ್ಮೆಂದಿತು. ಹಾಗಾಗಲು ಸಾಧ್ಯವೇ ಇಲ್ಲ, ಆ ಚರ್ಮದ ನರ ಕತ್ತರಿಸಿದ್ದೇವೆ ಎನ್ನುತ್ತಾರೆ ಡಾಕ್ಟರು. ಜುಮ್ಮೆಂದದ್ದು ನಿಜ ಎಂದು ನಾನು ಹೇಳುತ್ತೇನೆ.

ಸ್ವಲ್ಪ ದಿನ ನುಣ್ಣಗಿತ್ತು. ಆಮೇಲೆ ಹೊಸವು ಬಂದವು, ಬೇರೆ ಜಾಗದಲ್ಲಿ.

"ಎಲ್ಲಾ ಕೂದಲೂ ಒಮ್ಮೆಗೇ ಬೆಳೆಯಂಗಿಲ್ಲ ಸರ್," ಎಂದರು ಶ್ವೇತಾ. "ಅರ್ಧ ಮಲಗಿರ್ತಾವ. ಮಲಗಿದ್ದು ಲೇಸರ್‌ಗೆ ಸಿಗಂಗಿಲ್ಲ. ಎದ್ದ ಮ್ಯಾಲೆ ಹಿಡೀಬೇಕು."

ಕ್ಲಿಪ್ ತೆಗೆದ ಮೇಲೆ ಕೇಳಿದೆ. "ಮಲಗಿರೋದು ಸಿಗಲ್ಲ ಅಂದ್ರಿ. ಹಂಗಾದ್ರೆ ಡಾಕ್ಟ್ರೇ, ಆ ಇನ್ನೊಂದು... ಅದರದ್ದೂ ಏನಾದ್ರೂ ಮಲಗಿದ್ರೆ?"

ಅವರು ಗ್ಲೌಸ್ ಬಿಚ್ಚಿ ಬುಟ್ಟಿಗೆ ಹಾಕಿದರು.

"ಅದಕ್ಕ ಸರ್, ಚೆಕಪ್ ತಪ್ಪಿಸಬ್ಯಾಡ್ರಿ ಅನ್ನೋದು."

ಅವತ್ತು ವೈಜಾಗಿನ ಋಷಿಕೊಂಡ ಬೀಚಿನಲ್ಲಿ ಸಂಜೆಯವರೆಗೂ ಒಬ್ಬನೇ ಕೂತಿದ್ದೆ. ನನಗೆ ತುಂಬಾ ಭಯವಾಗಿತ್ತು.

ಇನ್ನೂ ಕೆಲವು ಸಿಟ್ಟಿಂಗ್ ಆದ ಮೇಲೆ ಕೆನ್ನೆ ಪೂರ್ತಿ ನುಣುಪಾಯಿತು. ಸುಮಾ ಹೋಳಿಗೆ ಮಾಡಿದಳು. ಯಾವ ಕೂದಲಿಗೂ ಸಿಕ್ಕಿಕೊಳ್ಳದೆ ಹೋಳಿಗೆ ಇಳಿಯಿತು. ತುಪ್ಪ ಹಾಕಿ ಮೂರು ತಿಂದೆ.

ಆದರೆ ನಾಲಿಗೆಗೆ ಅಭ್ಯಾಸ ಬಿದ್ದುಹೋಗಿದೆ. ನನಗೆ ಎಚ್ಚರವಾಗುವ ಮೊದಲೇ ಅದು ಎದ್ದು ಎಡಗೆನ್ನೆಯಲ್ಲಿ ಓಡಾಡುತ್ತಿರುತ್ತದೆ. ಕೂದಲು ಇದ್ದಷ್ಟು ದಿನ ಏನು ಸಿಕ್ಕರೂ ಕೂದಲು ಎನ್ನುವ ಧೈರ್ಯವಿತ್ತು. ಈಗ ಅದೂ ಇಲ್ಲ.

ಇವತ್ತು ಬೆಳಿಗ್ಗೆ ನಾಲಿಗೆಗೆ ಏನೋ ತಗುಲಿತು.

ತೀರಾ ಹಿಂದೆ, ಹೊಲಿಗೆಯ ಅಂಚಿನಲ್ಲಿ. ಸಾಸಿವೆಕಾಳಿಗಿಂತ ಚಿಕ್ಕದು, ತುಸು ಒರಟು. ಟಾರ್ಚ್ ಹಾಕಿದರೆ ಏನೂ ಕಾಣಲಿಲ್ಲ. ಬೆಳ್ಳಗಾದ ಕೂದಲಿನ ಮೊಳಕೆಯಾದರೆ ಕಾಣುವುದಿಲ್ಲ, ಅದು ಸರಿ. ಎದೆಯ ಮೇಲೂ ಈಗ ಅರ್ಧ ಬೆಳ್ಳಗಾಗಿದೆ. ಆದರೆ ಕೂದಲಲ್ಲದಿದ್ದರೆ...

ವೈಜಾಗಿನಲ್ಲಿ ಅರ್ಜೆಂಟ್ ಮೀಟಿಂಗ್ ಎಂದೆ. ಸುಮಾ ಅಡುಗೆಮನೆಗೆ ಹೋದಳು. ಡಬ್ಬಿಗೆ ಮೊಸರನ್ನ ಮೆತ್ತಗೆ ಕಲಸಿ ಹಾಕಿದಳು. ಬೀರು ತೆರೆದು ಆಸ್ಪತ್ರೆಯ ಫೈಲ್ ತಂದು ನನ್ನ ಬ್ಯಾಗಿನಲ್ಲಿಟ್ಟಳು. ಆಮೇಲೆ ತಾನೂ ಚಪ್ಪಲಿ ಮೆಟ್ಟಿಕೊಂಡಳು.

ಈಗ ರೈಲು ಏಲೂರು ದಾಟಿದೆ. ಪಕ್ಕದಲ್ಲಿ ಸುಮಾ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಾಳೆ. ನನ್ನ ನಾಲಿಗೆ ಅಲ್ಲೇ ಇದೆ.

ತಲೆ ಬೋಳಾದ ಗೆಳೆಯರನ್ನು ಬಿಟ್ಟು ಕೇಳುತ್ತಿದ್ದೇನೆ... ದೇವರೇ, ಇದೊಂದು ಕೂದಲೇ ಆಗಿರಲಿ ಎಂದು ಬೇಡಿಕೊಂಡವರು ನಿಮ್ಮಲ್ಲಿ ಬೇರೆ ಯಾರಾದರೂ ಇದ್ದೀರಾ?