ಕೂಲೆಂಟ್ ಕುಡಿದವರು ಯಾರು?

ಮೊದಲೇ ಹೇಳಿಬಿಡುತ್ತೇನೆ: ಸೋರಿಕೆ ಹುಡುಕುವುದೇ ನನ್ನ ಹೊಟ್ಟೆಪಾಡು. ಹಜೀರಾದ ನಮ್ಮ ಕಾರ್ಖಾನೆಯಲ್ಲಿ ಮೈಲಿಗಟ್ಟಲೆ ಪೈಪುಗಳ ನಡುವೆ ಎಲ್ಲೋ ಒಂದು ಹನಿ ಜಿನುಗಿದರೂ ನನಗೇ ಕರೆ ಬರುತ್ತದೆ. ಅಂಥವನಿಗೆ ತನ್ನದೇ ಹಳೆಯ ಕಾರಿನ ಕೂಲೆಂಟ್ ಎಲ್ಲಿ ಹೋಗುತ್ತಿದೆಯೆಂದು ತಿಳಿಯಲಿಲ್ಲ ಎಂಬುದನ್ನು ಯಾವ ಮುಖ ಇಟ್ಟುಕೊಂಡು ಹೇಳಲಿ? ತಿಳಿಯದಿದ್ದರೆ ಪರವಾಗಿರಲಿಲ್ಲ. ತಿಳಿಯಿತು ಎಂದುಕೊಂಡೆನಲ್ಲ, ನಾಚಿಕೆಯಾಗುವುದು ಅದಕ್ಕೆ.

ಕೂಲೆಂಟ್ ಎಂದರೆ ಎಂಜಿನ್ ಬಿಸಿಯೇರದಂತೆ ಕಾಯುವ ಹಸಿರು ನೀರು. ಭಾನುವಾರ ತುಂಬಿಸಿದರೆ ಮುಂದಿನ ಭಾನುವಾರಕ್ಕೆ ತಳ ಕಾಣುತ್ತಿತ್ತು. ಕಾರಿನಡಿ ಹಳೆಯ ಪೇಪರ್ ಹಾಸಿದೆ. ಒಂದು ಹನಿಯೂ ಬೀಳಲಿಲ್ಲ. ರಬ್ಬರ್ ಕೊಳವೆಗಳನ್ನು ಒಣಬಟ್ಟೆಯಿಂದ ಒರೆಸಿದೆ. ಬಟ್ಟೆ ಒಣಗಿಯೇ ಇತ್ತು. ಆಯಿಲ್‌ನಲ್ಲೂ ನೀರಿನ ಸುಳಿವಿಲ್ಲ. ನಮ್ಮ ಕಸುಬಿನ ನಿಯಮ ಸರಳ, ಒಳಗೆ ಹೋದದ್ದು ಹೊರಗೆ ಬರಲೇಬೇಕು. ನೆಲಕ್ಕೆ ಬಿದ್ದಿಲ್ಲವೆಂದರೆ ಯಾರೋ ತೆಗೆದಿದ್ದಾರೆ.

ಆ ಯಾರೋ ನನಗೆ ಬೇಗನೆ ಸಿಕ್ಕಿಬಿಟ್ಟರು. ಕಾಂಜಿಭಾಯಿ, ನಮ್ಮ ಕಾಲನಿಯ ಕಾರುಗಳನ್ನು ಬೆಳಿಗ್ಗೆ ತೊಳೆಯುವ ಅರವತ್ತರ ಮನುಷ್ಯ. ವಾರದ ಹಿಂದೆ ಅವರೇ ನನ್ನನ್ನು ನಿಲ್ಲಿಸಿ, ಸ್ಟಾರ್ಟ್ ಮಾಡಿದಾಗ ಬಿಳಿ ಹೊಗೆ ಬರುತ್ತದೆ, ಸಿಹಿ ವಾಸನೆ ಬೇರೆ, ನೀರು ಕಡಿಮೆಯಾಗುತ್ತಿದೆಯೇನೋ ನೋಡಿ ಎಂದಿದ್ದರು. ಕಾರಿನ ಮೈ ತೊಳೆಯುವವನಿಗೆ ಬಾನೆಟ್ಟಿನೊಳಗಿನ ಸುದ್ದಿ ಹೇಗೆ ಗೊತ್ತು? ಕಳ್ಳನ ಮನಸ್ಸು ಹುಳ್ಳುಳ್ಳಗೆ ಎಂದು ಗಾದೆಯನ್ನೂ ಎಳೆದುತಂದೆ.

ಹೆಂಡತಿ ಮಾತ್ರ, "ನೀವು ಕಣ್ಣಾರೆ ಕಂಡದ್ದುಂಟಾ?" ಎಂದಳು.

ಅವಳಿಗೆ ಎಂಜಿನ್ನಿನ ವಿಷಯ ಏನು ಗೊತ್ತು ಎಂದು ತಳ್ಳಿಹಾಕಿ, ಕಾಲನಿಯ ಸೆಕ್ರೆಟರಿಗೆ ದೂರು ಕೊಟ್ಟೆ. ಮರುದಿನದಿಂದ ಕಾಂಜಿಭಾಯಿಯನ್ನು ಗೇಟಿನೊಳಗೆ ಬಿಡಲಿಲ್ಲ. ಅವರಿಗೆ ಬೇರೆ ಕೆಲಸವಿರಲಿಲ್ಲ ಎಂಬುದು ನನಗೆ ಗೊತ್ತಿತ್ತು.

ಕಾಂಜಿಭಾಯಿ ಹೋದರು, ಕೂಲೆಂಟೂ ಹೋಗುತ್ತಲೇ ಇತ್ತು. ಎರಡು ವಾರ ಕಾದು, ಕತಾರ್‌ಗಾಮ್ ಬಡಾವಣೆಯ ಮೆಕ್ಯಾನಿಕ್ ಒಬ್ಬನ ಬಳಿಗೆ ಹೋದೆ. ಅವನು ಎಂಜಿನ್ನಿನ ನಾಲ್ಕು ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ ಬಟ್ಟೆಯ ಮೇಲಿಟ್ಟ. ಮೂರಕ್ಕೆ ಕಂದು ಮಸಿ. ಒಂದು ಮಾತ್ರ ತೊಳೆದಿಟ್ಟ ಲೋಟದ ಹಾಗೆ ಹೊಳೆಯುತ್ತಿತ್ತು. ಅದು ಚೆನ್ನಾಗಿದೆ ಎಂದು ನಾನೆಂದೆ. ಅವನು ನಕ್ಕು, ಕುಡಿಯುತ್ತಿರುವುದು ಅದೇ ಸಿಲಿಂಡರ್ ಎಂದ. ನೀರು ಸಿಲಿಂಡರಿಗೆ ನುಗ್ಗದಂತೆ ತಡೆಯುವ ಹೆಡ್ ಗ್ಯಾಸ್ಕೆಟ್ ಹೋಗಿದೆ, ನೀರು ಒಳಗೇ ಕಾದು ಆವಿಯಾಗಿ ಪ್ಲಗ್ ತೊಳೆಯುತ್ತಿದೆ. ಬೆಳಿಗ್ಗೆ ಬಿಳಿ ಹೊಗೆ, ಸಿಹಿ ವಾಸನೆ ಬರುತ್ತಿರಲಿಲ್ಲವೇ, ಯಾರೂ ಹೇಳಲಿಲ್ಲವೇ ಎಂದು ಕೇಳಿದ.

ಯಾರೂ ಹೇಳಲಿಲ್ಲ ಎಂದೆ. ನೋಡಿ, ಅಲ್ಲಿಯೂ ಸುಳ್ಳು!

ಹಿಂದಿರುಗಿ ಬಂದವನು ನೇರವಾಗಿ ತಪ್ಪೊಪ್ಪಿಕೊಂಡೆನೇ? ಇಲ್ಲ. ಪಾಪ ವಯಸ್ಸಾದವರು, ಹೋಗಲಿ, ಮತ್ತೆ ಬರಲಿ ಬಿಡಿ ಎಂದು ಸೆಕ್ರೆಟರಿಗೆ ಫೋನಿನಲ್ಲಿ ತೇಲಿಸಿ ಹೇಳಿದೆ. ಸಾಹೇಬರದು ದೊಡ್ಡ ಮನಸ್ಸು, ಕ್ಷಮಿಸಿದ್ದಾರೆ ಎಂದು ಅವರು ಕಾಲನಿಗೆಲ್ಲ ಸಾರಿದರು. ಆ ಹೊಗಳಿಕೆಯನ್ನು ನಾಲ್ಕು ದಿನ ಹೊತ್ತು ತಿರುಗಿದೆ. ಐದನೆಯ ಬೆಳಿಗ್ಗೆ ಕೆಳಗಿಳಿದು ಕಾಂಜಿಭಾಯಿಗೆ ಹೇಳಿದೆ: ನೀರು ಕುಡಿದದ್ದು ಎಂಜಿನ್ನೇ, ತಪ್ಪು ನನ್ನದು.

ಅವರು ಗಾಜು ಒರೆಸುವುದನ್ನು ನಿಲ್ಲಿಸಲಿಲ್ಲ. "ನನಗೆ ಗೊತ್ತು ಸಾಹೇಬ್. ಅವತ್ತೇ ಹೇಳಿದ್ದೆನಲ್ಲ. ಸೆಕ್ರೆಟರಿಯವರಿಗೂ ಹೇಳಿ. ಹೋಗುವಾಗ ಗೇಟಿನಲ್ಲಿ ವಾಚ್‌ಮನ್ ದಿನಾ ನನ್ನ ಬಕೆಟ್ ಬಗ್ಗಿಸಿ ನೋಡುತ್ತಾನೆ."

ಹಾಗೇ ಸೆಕ್ರೆಟರಿಯ ಮನೆಗೆ ಹೋದೆ. ಅಲ್ಲಿ ಕಾಲನಿಯವರೇ ಇಬ್ಬರು ಚಹಾ ಕುಡಿಯುತ್ತಿದ್ದರು. ಅವರು ಎದ್ದುಹೋಗಲಿ ಎಂದು ಕಾದೆ; ಇನ್ನೂ ಮೂವರು ಬಂದರು. ತಪ್ಪೊಪ್ಪಿಗೆಯನ್ನು ತಡಮಾಡಿದಷ್ಟೂ ಕೇಳುವವರು ಹೆಚ್ಚುತ್ತಾರೆ ಎಂದು ಅರ್ಥವಾಯಿತು. ಆರನೆಯವರು ಮೆಟ್ಟಿಲು ಹತ್ತುವ ಸದ್ದಾದಾಗ ಎದ್ದು ನಿಂತು ಹೇಳಿಬಿಟ್ಟೆ.