ಬೇಲಿಯ ಕಂಡಿ ಮುಚ್ಚಿದ ದಿನ

ಗುಡ್ಡಕ್ಕೆ ಬೆಂಕಿ ಬೀಳಬಹುದಿತ್ತು. ಸೇದಿ ಒಗೆದ ಒಂದು ಬೀಡಿತುಂಡು ಸಾಕಿತ್ತು. ಸುರಪುರದ ಕಡೆಯಿಂದ ಯಾರಾದರೂ ಕೊಡಲಿ ಹಿಡಿದು ಬರಬಹುದಿತ್ತು. ಕಾಲುವೆಗೆ ಕಲ್ಲು ಬೇಕೆಂದು ಬಂಡೆ ಒಡೆಯಲು ಬರಬಹುದಿತ್ತು. ಸಸಿಗಳಿಗೆ ಗೆದ್ದಲು ಹತ್ತಬಹುದಿತ್ತು. ಕಾವಲು ಪಾಳಿಯವನು ಬೇವಿನ ನೆರಳಿಗೆ ನಿದ್ದೆ ಹೊಡೆಯಬಹುದಿತ್ತು. ನನಗೇ ಹಾವು ಕಚ್ಚಬಹುದಿತ್ತು. ಆಮೇಲೆ ಸಭೆಯ ನಡಾವಳಿ ಬರೆಯುವವರು ಯಾರು ಎಂಬುದೂ ಒಂದು ಚಿಂತೆ.

ನಾನು ಊರ ಶಾಲೆಯ ಮಾಸ್ತರ, ಗುಡ್ಡ ಕಾಯುವ ಸಮಿತಿಗೆ ಕಾರ್ಯದರ್ಶಿ. ಅಕ್ಷರ ಬರುತ್ತದೆಂದು ಆರಿಸಿದ್ದರು. ಅಂಜಿಕೆಯೂ ಬರುತ್ತದೆಂದು ಅವರಿಗೆ ಆಮೇಲೆ ತಿಳಿಯಿತು.

ಕಾಲುವೆ ಬಂದ ಮೇಲೆ ಕೆಳಗಿನ ಬೀಳುಭೂಮಿಯೆಲ್ಲ ಭತ್ತದ ಗದ್ದೆಯಾಗಿ, ಆಡು ಕುರಿಗಳಿಗೆ ಈ ಗುಡ್ಡ ಒಂದೇ ಉಳಿಯಿತು. ಅದೂ ಬೋಳಾಗತೊಡಗಿದಾಗ ಊರೇ ಕೂತು ಬೇಲಿ ಹಾಕಿತು. ಬೇವು, ಕಮರದ ಸಸಿ ನೆಟ್ಟೆವು. ಮನೆಗೊಂದು ದಿನ ಕಾವಲಿನ ಪಾಳಿ. ಮೇಲೆ ಬಂಡೆಯ ದೊಣೆಯಲ್ಲಿ ಬೇಸಿಗೆಗೂ ನೀರು ನಿಲ್ಲುತ್ತಿದ್ದುದರಿಂದ, ಆಡುಗಳು ಕುಡಿಯಲು ಹೋಗಲೆಂದು ಬೇಲಿಯಲ್ಲಿ ಒಂದು ಕಂಡಿ ಬಿಟ್ಟೆವು. ಕಟ್ಟಳೆ ಇಷ್ಟೇ: ಮನೆಯಲ್ಲೇ ಆಡಿನ ಬಾಯಿಗೆ ನಾರಿನ ಬುಟ್ಟಿ ಕಟ್ಟಿ ತರಬೇಕು, ದೊಣೆಯ ದಂಡೆಯಲ್ಲಿ ಬಿಚ್ಚಿ ಕುಡಿಸಿ, ಮತ್ತೆ ಕಟ್ಟಿ ಇಳಿಸಬೇಕು. ಬುಟ್ಟಿಯ ಉಪಾಯ ನನ್ನದೇ.

ಶಿವರಾತ್ರಿ ಕಳೆದಿತ್ತು. ನನ್ನ ಪಾಳಿಯ ದಿನ, ಯಾವುದಾದರೂ ಬುಟ್ಟಿ ಸಡಿಲಾದರೆ ಸಸಿಗಳ ಗತಿ ಏನು ಎಂದು ಹೊಳೆಯಿತು. ಹೀಗೆ ಹೊಳೆದ ಮೇಲೆ ಸುಮ್ಮನೆ ಕೂಡುವುದು ನನಗೆ ಬರುವುದಿಲ್ಲ. ಯಾರನ್ನೂ ಕೇಳದೆ ಜಾಲಿಮುಳ್ಳು ಎಳೆದು ಕಂಡಿ ಮುಚ್ಚಿದೆ.

ಮಧ್ಯಾಹ್ನ ನಮ್ಮ ಓಣಿಯ ಒಬ್ಬಂಟಿ ಹೆಂಗಸು ತನ್ನ ಮೂರು ಆಡು ಹೊಡೆದುಕೊಂಡು ಬಂದಳು. ಅವಳ ಬಾಳೆಲ್ಲ ಆ ಮೂರರ ಮೇಲೆ. ಒಂದು ಗಬ್ಬದ್ದು.

"ಮಾಸ್ತರ, ಇದ್ಯಾಕ ಮುಚ್ಚೀರಿ?"

"ಸಸಿ ತಿಂತಾವ ಯಕ್ಕಾ."

"ಬಾಯಿಗಿ ಬುಟ್ಟಿ ಕಟ್ಟೀನಿ, ಕಣ್ಣೀಲೆ ತಿಂತಾವೇನ್ರಿ? ಬೆಂಕಿಗಿ ಅಂಜ್ತೀರಿ, ಹಾವಿಗಿ ಅಂಜ್ತೀರಿ. ನಿಮ್ಮ ನೆರಳಿಗೂ ಒಂದು ಪಾಳಿ ಹಚ್ಚಿಬಿಡ್ರಿ."

ನನಗೂ ನಗು ಬಂತು. ಮುಳ್ಳು ಮಾತ್ರ ತೆಗೆಯಲಿಲ್ಲ.

"ಇವತ್ತೊಂದಿನ ಕೆನಾಲಿಗಿ ಹೊಡಿ ಯಕ್ಕಾ. ನಾಳಿ ಎಲ್ಲಾರೂ ಕೂತು ಮಾತಾಡೋಣು."

"ಗಬ್ಬದ್ದು ಐತ್ರಿ. ಆ ಸಿಮಿಟಿನ ದಂಡಿ ಮ್ಯಾಲ ಕಾಲು ನಿಲ್ಲಂಗಿಲ್ಲ."

"ಹುಷಾರಿಲೆ ಕುಡಿಸು."

ಅವಳು ಆಡುಗಳನ್ನು ತಿರುಗಿಸಿಕೊಂಡು ಇಳಿದು ಹೋದಳು. ನಾನು ಸಸಿಗಳ ನಡುವೆ ತಿರುಗಾಡಿ, ಎಲೆ ಮುಟ್ಟಿ ನೋಡಿ, ನೆಮ್ಮದಿಯಿಂದ ಬುತ್ತಿ ಬಿಚ್ಚಿದೆ.

ಹೊತ್ತು ಇಳಿಯುವಾಗ ಎರಡೇ ಆಡು ಹೊಡೆದುಕೊಂಡು ಅವಳು ಹತ್ತಿ ಬಂದಳು. ಹಿಂದೆ ಗದ್ದೆಯವನೊಬ್ಬ ಸೈಕಲ್ ನೂಕಿಕೊಂಡು ಬರುತ್ತಿದ್ದ; ಕ್ಯಾರಿಯರ್ ಮೇಲೆ ಮೂರನೆಯದು, ನೀರು ಸೋರುತ್ತಿತ್ತು. ಕಾಲುವೆಯ ದಂಡೆಯಲ್ಲಿ ಅವಳು ಬಗ್ಗಿ ಒಂದರ ಬುಟ್ಟಿ ಬಿಚ್ಚುತ್ತಿದ್ದಾಗ, ನೀರಡಿಕೆ ತಾಳದೆ ಗಬ್ಬದ್ದು ಇಳಿಜಾರಿಗೆ ಕಾಲಿಟ್ಟು ಜಾರಿತ್ತಂತೆ. ಕೆಳಗಿನ ತೂಬಿನಲ್ಲಿ ಸಿಕ್ಕಿತಂತೆ.

ಅವಳು ಬೈಯಲಿಲ್ಲ. ಆಡಿನ ತಲೆಯನ್ನು ನನ್ನ ಕಡೆ ತಿರುಗಿಸಿದಳು. "ಬುಟ್ಟಿ ಬಿಚ್ಚಿಲ್ರಿ ಮಾಸ್ತರ. ನೋಡ್ಕೊಳ್ರಿ."

ಬೆಂಕಿ ಬಿದ್ದಿರಲಿಲ್ಲ, ಕೊಡಲಿ ಬಂದಿರಲಿಲ್ಲ, ಹಾವು ಕಚ್ಚಿರಲಿಲ್ಲ. ಸಸಿಗಳೆಲ್ಲ ಹಾಗೇ ಇದ್ದವು. ಒಂದು ಆಡು ಸತ್ತಿತ್ತು. ಹೊಟ್ಟೆಯಲ್ಲಿದ್ದುದನ್ನೂ ಸೇರಿಸಿ ಎರಡು ಅನ್ನಬೇಕೋ ಏನೋ.