ನೆಲ್ಲಾ ಬಿಟ್ಟುಬಿಟ್ಟ ಹೆಸರು

ನೆಲ್ಲಾ ಡೆ ವಿಸ್ಸರ್ ಹಗಲು ಬ್ರೆಡ್ಡಿನಂಗಡಿಯಲ್ಲಿ ನಿಲ್ಲುತ್ತಿದ್ದಳು, ಸಂಜೆ ಊರನ್ನು ನಗಿಸುತ್ತಿದ್ದಳು. ಈ ಮಾರ್ಚ್‌ನಲ್ಲಿ ಅವಳು ತೀರಿಕೊಂಡಾಗ ಹಾಲೆಂಡಿನ ಜೀಲ್ಯಾಂಡ್ ಪ್ರಾಂತ್ಯದ ಆ ಪುಟ್ಟ ಬಂದರೂರಿನ ಅಂಗಡಿಗಳೆಲ್ಲ ಬಾಗಿಲು ಹಾಕಿದ್ದವು. ಬದುಕಿದ್ದಿದ್ದರೆ ಅದಕ್ಕೂ ಏನಾದರೊಂದು ಕುಹಕವಾಡದೆ ಬಿಡುತ್ತಿರಲಿಲ್ಲ.

ಕ್ಯಾಬರೆ ಎಂದರೆ ಬೇರೆ ಕಡೆ ಏನೇನೋ ಅರ್ಥ. ಹಾಲೆಂಡಿನಲ್ಲಿ ಅದಕ್ಕೆ ಬೇಕಾದದ್ದು ಒಬ್ಬ ಮನುಷ್ಯ, ಒಂದು ಪಿಯಾನೊ, ಹರಿತವಾದ ನಾಲಿಗೆ. ಪ್ಯಾರಿಸ್ಸಿನಿಂದ ಬಂದ ಆಟ ಇಲ್ಲಿನವರ ಕೈಗೆ ಸಿಕ್ಕಿ ಇಲ್ಲಿನದೇ ಆಯಿತು. ಹೊಟ್ಟೆ ಹುಣ್ಣಾಗುವಷ್ಟು ನಗಿಸಿ, ಆಮೇಲೆ ಒಂದೇ ಒಂದು ಹಾಡಿಗೆ ಇಡೀ ಸಭೆ ಮೌನವಾಗುವಂತೆ ಮಾಡಬೇಕು. ವರ್ಷದ ಕೊನೆಯ ದಿನವಂತೂ ಮಂತ್ರಿ, ಪಾದ್ರಿ ಯಾರನ್ನೂ ಗೇಲಿ ಮಾಡದೆ ಬಿಡುವಂತಿಲ್ಲ. ದೇಶದವರಿಗೆ ಆ ದಿನ ರೇಡಿಯೊ, ಟೀವಿ. ಈ ಊರಿನವರಿಗೆ ನೆಲ್ಲಾ, ಪಿಯಾನೊಗೆ ಅವಳ ಗೆಳೆಯ ಈಸಾಕ್.

ಬಹಳ ವರ್ಷಗಳ ಹಿಂದೆ ಒಂದು ಡಿಸೆಂಬರಿನಲ್ಲಿ ಅವಳು ಆಡುತ್ತಿದ್ದ ಪುರಸಭೆಯ ಸಭಾಂಗಣಕ್ಕೇ ಕುತ್ತು ಬಂದಿತ್ತು. ಅದನ್ನು ಕಾರಿನಂಗಡಿಗೆ ಮಾರಬೇಕೇ ಬೇಡವೇ ಎಂದು ಜನವರಿಯಲ್ಲಿ ಪುರಸಭೆ ಮತ ಹಾಕಲಿತ್ತು. ಎರಡೂ ಕಡೆ ಸರಿಸಮ. ಇನ್ನೂ ತೀರ್ಮಾನಿಸದವನು ಸದಸ್ಯ ಮಾರಿನಸ್ ಬೋಗಾರ್ಡ್ ಒಬ್ಬನೇ. ಸಮುದ್ರದ ಗಾಳಿಗೇ ಮುಖ ಮಾಡಿ ಬಸ್ ತಂಗುದಾಣ ಕಟ್ಟಿಸಿದ ಪುಣ್ಯಾತ್ಮ. ಜನ ಅದರ ಬೆನ್ನಿಗೆ ನಿಂತು ಬಸ್ಸು ಕಾಯುತ್ತಿದ್ದರು.

"ಇದೊಂದ್ಸಲ ಅವನನ್ನ ಬಿಟ್ಬಿಡೇ. ಸಭಾಂಗಣ ಉಳ್ಕೊಳ್ಳಲಿ," ಅಂದ ಈಸಾಕ್.

"ಆ ತಂಗುದಾಣ ಬಿಟ್ರೆ ಈ ವರ್ಷ ನಗೋಕೆ ಇನ್ನೇನಿದೆಯೋ?"

"ನಿನ್ನ ದನಿ ಇದೆಯಲ್ಲ."

ನೆಲ್ಲಾ ಅವನ ಬೆನ್ನಿಗೊಂದು ಗುದ್ದಿದಳು. ಆದರೂ ತಂಗುದಾಣದ ಮೇಲೆ ಕಟ್ಟಿದ್ದ ಹಾಡನ್ನು ಆಟದಿಂದ ತೆಗೆದಳು.

ಹೊಸ ಆಟವನ್ನು ಅರೆಬೆಂದಿರುವಾಗಲೇ ಜನರ ಮುಂದಿಟ್ಟು ರುಚಿ ನೋಡುವುದು ಅಲ್ಲಿನ ರೂಢಿ. ಕ್ರಿಸ್‌ಮಸ್‌ಗೆ ಮುಂಚಿನ ಆ ಪ್ರದರ್ಶನದಲ್ಲಿ ಮೇಯರನಿಗೆ, ಪಾದ್ರಿಗೆ, ಬ್ರೆಡ್ಡಿನಂಗಡಿಯ ಒಡತಿಗೂ ಅವರವರ ಪಾಲು ಸಿಕ್ಕಿತು. ಎರಡನೇ ಸಾಲಿನಲ್ಲಿ ಮಾರಿನಸ್ ಕೋಟಿನ ಗುಂಡಿ ಸರಿಮಾಡಿಕೊಂಡು ತನ್ನ ಸರದಿಗೆ ಕಾದ. ಬರಲಿಲ್ಲ. ಜನ ಒಬ್ಬೊಬ್ಬರಾಗಿ ಅವನತ್ತ ತಿರುಗಿ ನೋಡಿದರು. ಕೊನೆಯಲ್ಲಿ ಚಪ್ಪಾಳೆ ತೀರಾ ತೆಳ್ಳಗಿತ್ತು.

ಪರದೆ ಬಿದ್ದದ್ದೇ ಅವನು ಒಳಗೆ ನುಗ್ಗಿದ.

"ಏನಮ್ಮಾ ನೆಲ್ಲಾ, ನಾನೇನು ಸತ್ತೋಗಿದೀನಾ?"

"ಬೇಜಾರಾಗೋದು ಬೇಡ ಅಂತ ಬಿಟ್ಟೆ, ಬೋಗಾರ್ಡರೇ."

"ಬೇಜಾರು! ಅವಳಿಗೆ ಎಷ್ಟು ಕೊಟ್ರಿ ಅಂತ ನನ್ನ ಹೆಂಡ್ತೀನೇ ಕೇಳ್ತಾಳೆ. ನಾಳೆ ಊರೆಲ್ಲ ಕೇಳುತ್ತೆ."

"ಮತ್ತೆ ನಿಮ್ಮ ಮತ?"

"ಅದು ನಂದು. ಹಾಡು ನಿಂದು. ಎರಡನ್ನೂ ಒಂದೇ ಪಾತ್ರೇಲಿ ಕಲಸಬೇಡ."

ನೆಲ್ಲಾಳಿಗೆ ಕಪಾಳಕ್ಕೆ ಹೊಡೆದಂತಾಯಿತು. ಎಲ್ಲರಿಗೂ ಸಿಗುತ್ತದೆ ಎಂದೇ ಅವಳ ಗೇಲಿಯನ್ನು ಜನ ಸಹಿಸಿಕೊಂಡಿದ್ದರು. ಒಬ್ಬನನ್ನು ಬಿಟ್ಟದ್ದರಿಂದ ಉಳಿದವರ ಬಗ್ಗೆ ಆಡಿದ್ದೆಲ್ಲ ಬರೀ ಚಾಡಿಯಾಗಿತ್ತು.

ವರ್ಷದ ಕೊನೆಯ ಸಂಜೆ ತಂಗುದಾಣದ ಹಾಡು ಬಂತು, ಮೊದಲಿಗಿಂತ ಉದ್ದವಾಗಿ, ಮೊದಲಿಗಿಂತ ಖಾರವಾಗಿ. ಮಾರಿನಸ್ ಕಣ್ಣೊರೆಸಿಕೊಂಡು ನಕ್ಕ. ಜನವರಿಯಲ್ಲಿ ಸಭಾಂಗಣ ಮಾರಲು ಕೈ ಎತ್ತಿದ.

ಸಭಾಂಗಣ ಕಾರಿನಂಗಡಿಯ ಪಾಲಾಯಿತು. ಕೆಲವು ದಿನಗಳಾದ ಮೇಲೆ ನೆಲ್ಲಾ ಬ್ರೆಡ್ಡಿನಂಗಡಿಯ ಗಾಜಿಗೆ ಒಂದು ಚೀಟಿ ಅಂಟಿಸಿದಳು: ಇನ್ನು ಆಟ ಮೀನು ಹರಾಜಿನ ಶೆಡ್ಡಿನಲ್ಲಿ, ಕುರ್ಚಿ ನೀವೇ ತನ್ನಿ.

ಊರಿಗೆ ಊರೇ ಊಟದ ಮನೆಯ ಕುರ್ಚಿಗಳನ್ನು ಹೊತ್ತುಕೊಂಡು ಸಮುದ್ರದ ಒಡ್ಡಿನ ಮೇಲೆ ಸಾಲುಗಟ್ಟಿ ಬಂತು. ಮಾರಿನಸ್ ಕೂಡ ಏದುಸಿರು ಬಿಡುತ್ತ ಕೈಯಿರುವ ಭಾರದ ಕುರ್ಚಿಯೊಂದನ್ನು ತಂದಿದ್ದ.

"ಎಲ್ಲಿಡ್ಲಿ ಇದನ್ನ?"

"ಮುಂದಿಡಿ. ನನ್ನ ಕೈಗೆ ಸಿಗೋ ಹಾಗೆ."

ಮುಂದೆ ದೊಡ್ಡ ನಗರಗಳ ರಂಗಮಂದಿರಗಳು ಕರೆದವು. ಹೋಗಿ ಆಡಿ ಬಂದಳು. ಆದರೆ ವರ್ಷದ ಕೊನೆಯ ಸಂಜೆಯನ್ನು, ಕಳೆದ ಡಿಸೆಂಬರಿನವರೆಗೂ, ಯಾವ ನಗರಕ್ಕೂ ಕೊಡಲಿಲ್ಲ. ಅದು ಕುರ್ಚಿ ಹೊತ್ತು ಬಂದವರದು ಎನ್ನುತ್ತಿದ್ದಳು.